ಫಾರ್ಮಿಗೆ ಹಿಡಿಸದ ಹೆಸರು

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಕೊಡಗಲ್ಲಿ ಎಲ್ರಿಗೂ ತೋಟ ಇದೆ. ಹೈಸ್ಕೂಲು ಚೆನ್ನಾಗಿಲ್ಲ ಅಂದ್ರೆ ಮೈಸೂರಿಗೆ ಕಳಿಸಿದ್ರಾಯ್ತು, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಆಮೇಲೆ ನಗುತ್ತಾ ಇನ್ನೊಂದು: "ಅಷ್ಟಕ್ಕೂ ನಿಮ್ಮ ಕಡೆ ಮಕ್ಕಳಿಗೆ ಕನ್ನಡ ಬರತ್ತಾ?" ನಾನೂ ನಕ್ಕುಬಿಟ್ಟೆ. ಈಗ ಕರೆಂಟ್ ಇಲ್ಲ, ಮಳೆ ಬಿಟ್ಟಿಲ್ಲ, ಅಂಗಡಿಯಲ್ಲಿ ಗಿರಾಕಿ ಇಲ್ಲ. ಕೇಳು ಮಾರಾಯ್ತಿ.

ಎರಡನೆಯದಕ್ಕೆ ಮೊದಲು ಉತ್ತರ. ನಮ್ಮ ಮನೆಯಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ. ಅದನ್ನು ಬರೆಯುವುದು ಕನ್ನಡ ಅಕ್ಷರದಲ್ಲೇ. ಜೆರಾಕ್ಸ್ ತೆಗೆದು, ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಕೊಡುವ ನನ್ನ ಅಂಗಡಿ ಇರುವುದು ಕುಟ್ಟದ ಕಡೆ. ಇಲ್ಲಿಂದ ಸ್ವಲ್ಪ ಮುಂದೆ ಹೋದರೆ ತೋಲ್ಪೆಟ್ಟಿ, ಅಲ್ಲಿಗೆ ಕೇರಳದ ವಯನಾಡು ಶುರು. ಬೆಳಗ್ಗೆ ಮೊದಲ ಗಿರಾಕಿ ಮಲಯಾಳದಲ್ಲಿ ಜೆರಾಕ್ಸ್ ಕೇಳುತ್ತಾರೆ. ತೋಟದ ಕೂಲಿಯವರ ಲೈನ್‌ಮನೆಯಿಂದ ಬಂದ ಅಮ್ಮ ಎರವ ಬುಡಕಟ್ಟಿನವರ ಮಾತಿನಲ್ಲಿ ಮಗಳನ್ನು ಗದರುತ್ತಾ ಬರುತ್ತಾರೆ. ಅಸ್ಸಾಮಿನ ಹುಡುಗರದ್ದು ಹಿಂದಿ. ಮಡಿಕೇರಿ ಕಡೆಯವರು ಬಂದರೆ ಅರೆಭಾಷೆ. ಇವರೆಲ್ಲರ ಮಕ್ಕಳೂ ಒಂದೇ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಜಗಳ ಆಡುವುದು ಕನ್ನಡದಲ್ಲಿ. ನಿನ್ನ ಅಪಾರ್ಟ್‌ಮೆಂಟಿನ ಮಕ್ಕಳು ಯಾವ ಭಾಷೆಯಲ್ಲಿ ಜಗಳ ಆಡುತ್ತಾರೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ? 1956ರ ತನಕ ನಾವು ಬೇರೆ ರಾಜ್ಯವಾಗಿದ್ದೆವು, ನಿಜ. ಆಮೇಲೆ ಎಷ್ಟು ವರ್ಷವಾಯಿತು ನೋಡು. ಇನ್ನೂ ನೆಂಟರನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತೀರಿ.

ತೋಟದ ವಿಷಯ. ತೋಟ ಇರುವವರು ಇದ್ದಾರೆ, ಅವರ ಮಕ್ಕಳು ಮೈಸೂರಿಗೋ ಮಂಗಳೂರಿಗೋ ಹೋಗಿಯಾಗಿದೆ. ಆ ತೋಟದಲ್ಲಿ ಮೆಣಸು ಕುಯ್ಯುವವರ, ಕಾಫಿ ಹಣ್ಣು ಬಿಡಿಸುವವರ ಮಕ್ಕಳೇ ಇಲ್ಲಿ ಉಳಿಯುವುದು. ಎರಡೆಕರೆ, ಮೂರೆಕರೆ ಇಟ್ಟುಕೊಂಡ ನಮ್ಮಂಥವರ ಮಕ್ಕಳೂ ಅಷ್ಟೇ.

ಆನೆ, ಮಳೆ ರಜೆ, ತಪ್ಪಿದ ಬಸ್ಸು, ಇವೆಲ್ಲ ಪೇಪರಿನಲ್ಲಿ ಬರುತ್ತವೆ, ನಿನಗೂ ಗೊತ್ತು. ಗಣಿತದ ಮೇಷ್ಟ್ರು ಬರುತ್ತಾರೆ, ಒಂದು ಮಳೆಗಾಲ ನೋಡುತ್ತಾರೆ, ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಆಮೇಲೆ ಅತಿಥಿ ಶಿಕ್ಷಕರು. ಅದನ್ನೂ ಬಿಡು. ನಾನು ದಿನಾ ಗುದ್ದಾಡುವುದು ಹೆಸರಿನ ಜೊತೆ.

ಕೊಡವರಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದರೆ ಕೊಡಂದೇರ ಮನೆತನದ ಮಾದಪ್ಪನವರ ಮಗ ಕಾರ್ಯಪ್ಪ. 1949ರಲ್ಲಿ ಅವರು ಸೇನೆಯ ಮುಖ್ಯಸ್ಥರಾದಾಗ ಇಡೀ ಭೂಸೇನೆ ಆ ಹೆಸರಿಗೆ ಸೆಲ್ಯೂಟ್ ಹೊಡೆಯಿತು. ಅವರು ಇವತ್ತು ನನ್ನ ಅಂಗಡಿಗೆ ಬಂದು ಸ್ಕಾಲರ್‌ಶಿಪ್ ಅರ್ಜಿ ಹಾಕಿ ಅಂದಿದ್ದರೆ ಹೆಸರು ತಾಳೆಯಾಗುತ್ತಿಲ್ಲ ಅಂತ ಕಂಪ್ಯೂಟರ್ ವಾಪಸ್ ಕಳಿಸುತ್ತಿತ್ತು. ಆಧಾರಿನಲ್ಲಿ ಪೂರ್ತಿ ಹೆಸರು, ಶಾಲೆ ದಾಖಲೆಯಲ್ಲಿ ಬರೀ ಕೆ.ಎಂ., ಜಾತಿ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ಲೇ ಇಲ್ಲ. ಮನೆ ಹೆಸರಿನ ಕೊನೆಯ "ಈರ"ವನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತರು "ಇ" ಹಾಕಿ ಬರೆಯುತ್ತಾರೆ, ಇನ್ನೊಬ್ಬರು "ಐ" ಹಾಕುತ್ತಾರೆ. ಮಲಯಾಳಿ ಮಕ್ಕಳಿಗೆ ಹೆಚ್ಚಾಗಿ ಇನಿಷಿಯಲ್ ಹೆಸರಿನ ಕೊನೆಗೆ ಇರುತ್ತದೆ, ನಮ್ಮ ಶಾಲೆಯವರು ಎತ್ತಿ ಮೊದಲಿಗೆ ಇಡುತ್ತಾರೆ. ನನ್ನ ಕಥೆಯೂ ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ತವರಿನ ಮನೆತನ, ಆಧಾರಿನಲ್ಲಿ ಗಂಡನ ಮನೆತನ.

ಎರವರ ಮಕ್ಕಳದ್ದು ಇನ್ನೂ ಕಷ್ಟ. ಕಳೆದ ವರ್ಷ ಜುಲೈನಲ್ಲಿ ಒಬ್ಬರು ಅಪ್ಪ ಮಗಳು ಬಂದಿದ್ದರು. ಅಪ್ಪ ಶರ್ಟಿನ ಒಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಕಾಗದ. ಮೈಯೆಲ್ಲ ಒದ್ದೆ, ಕಾಗದ ಮಾತ್ರ ಗರಿಗರಿ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಗೆ ಸೇರಿದ್ದಳು. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರಿನ ಮುಂದೆ "ಪಣಿ ಎರವರ" ಅಂತ ಜಾತಿಯನ್ನೇ ಸೇರಿಸಿ ಬರೆದಿದ್ದಾರೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಬರೆದದ್ದು ಹತ್ತನೇ ಕ್ಲಾಸಿನ ತನಕ ಹಾಗೇ ನಡೆದು ಬಂದಿದೆ. ಆಧಾರಿನಲ್ಲಿ ಬರೀ ಹೆಸರು. ಜಾತಿ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರಿನ ಕಾಗುಣಿತವೇ ಬೇರೆ. ಮೂರು ಸಲ ಅರ್ಜಿ ತುಂಬಿದೆ, ಮೂರು ಸಲವೂ ಅದೇ ಕೆಂಪು ಅಕ್ಷರ. ಹುಡುಗಿ ಕಂಪ್ಯೂಟರ್ ನೋಡುತ್ತಾ ಮೆಲ್ಲಗೆ ಕೇಳಿದಳು, "ಅಕ್ಕ, ಇದರಲ್ಲಿ ನಾನು ಯಾವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯುಪಿಎಸ್ ಕಿರುಚುತ್ತಿತ್ತು, ಸೇವ್ ಮಾಡುವ ಮೊದಲೇ ಎಲ್ಲ ಆರಿ ಹೋಯಿತು.

ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ತಿದ್ದಿಸುವುದು ಸುಮ್ನೆ ಮಾತಲ್ಲ. ಹೆಡ್‌ಮಾಸ್ಟರ್ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಆಧಾರ್ ತಿದ್ದಿಸಲು ಒಂದು ದಿನದ ಕೂಲಿ ಹೋಗುತ್ತದೆ, ನಾಡಕಚೇರಿಗೆ ಇನ್ನೊಂದು ದಿನದ್ದು. ಅಲ್ಲಿ ಸರ್ವರ್ ಇಲ್ಲ ಅಂದರೆ ಮೂರನೆಯದು. ಆ ಅಪ್ಪ ಐದು ದಿನ ಕಳೆದುಕೊಂಡರು, ಲೆಕ್ಕ ನಾನೇ ಇಟ್ಟಿದ್ದೆ. ಅಷ್ಟರಲ್ಲಿ ಹುಡುಗಿಗೆ ಇನ್ನೊಂದು ವಿಷಯ ಗೊತ್ತಾಗಿತ್ತು. ಅವಳಿಗೆ ಬಿ.ಎಸ್ಸಿ. ನರ್ಸಿಂಗ್ ಮಾಡುವ ಆಸೆ. ಸೇರಿದ್ದು ಹೆಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನರ್ಸಿಂಗಿಗೆ ಬಯಾಲಜಿ ಓದಿರಬೇಕು ಅಂತ ಹತ್ತನೇ ಕ್ಲಾಸಿನಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಗೆಳತಿ ಸೇರಿದ ಕಾಲೇಜಿಗೆ ತಾನೂ ಸೇರಿದಳು, ಅಷ್ಟೇ.

ಗಡಿಯವರಿಗೆ ಇನ್ನೊಂದು ಗಂಟು ಇದೆ. ಸಿಇಟಿ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ಗ್ರಾಮೀಣ ಮೀಸಲು ಬೇಕಾದರೆ 1ರಿಂದ 10ರ ತನಕ ಹತ್ತೂ ವರ್ಷ ಕರ್ನಾಟಕದ ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೇಕು. ನಮ್ಮಲ್ಲಿ ಎಷ್ಟೋ ಮಕ್ಕಳು ಎರಡು ಮೂರು ವರ್ಷ ಅಜ್ಜಿ ಮನೆಯಲ್ಲಿದ್ದು, ಗಡಿಯಾಚೆ ಮಾನಂದವಾಡಿ ಕಡೆ ಓದಿ ಬಂದಿರುತ್ತಾರೆ. ಏಳು ವರ್ಷ ಹೇಗೋ ಆಗುತ್ತದೆ, ಆ ಹತ್ತು ಆಗುವುದಿಲ್ಲ. ಅವರಿಗೆ ಅದು ಬರೀ ಬಸ್ಸಿನ ದಾರಿ, ರಾಜ್ಯ ದಾಟಿದೆವು ಅಂತ ಅನಿಸುವುದೇ ಇಲ್ಲ. ವಿಷಯ ಗೊತ್ತಾಗುವುದು ಸೆಕೆಂಡ್ ಪಿಯುನಲ್ಲಿ.

ಹೈಸ್ಕೂಲು ಸುಧಾರಿಸಬೇಕು ಅಂದರೆ ನಿಮ್ಮ ಕಡೆ ಸ್ಮಾರ್ಟ್ ಬೋರ್ಡ್ ನೆನಪಾಗುತ್ತದೆ. ಬರಲಿ, ಬೇಡ ಅನ್ನಲ್ಲ. ಆದರೆ ಎಂಟನೇ ಕ್ಲಾಸಿನಲ್ಲೇ ಒಂದು ಶನಿವಾರ ಬಿಡುವು ಮಾಡಿಕೊಂಡು ಪ್ರತಿ ಮಗುವಿನ ಆಧಾರ್, ಜಾತಿ ಸರ್ಟಿಫಿಕೇಟ್, ದಾಖಲಾತಿ ಪುಸ್ತಕದ ಹೆಸರು ಪಕ್ಕಪಕ್ಕ ಇಟ್ಟು ನೋಡಲಿ. ತಿದ್ದಿಸಲು ಎರಡು ವರ್ಷ ಕೈಯಲ್ಲಿರುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಯಾವ ಕೆಲಸಕ್ಕೆ ಯಾವ ಕಾಂಬಿನೇಷನ್, ಐಟಿಐ ಎಲ್ಲಿ, ಡಿಪ್ಲೊಮಾ ಎಲ್ಲಿ ಅಂತ ಅಪ್ಪ ಅಮ್ಮಂದಿರನ್ನೂ ಕೂರಿಸಿ ಹೇಳಲಿ. ಸಂಜೆಯ ಹೊತ್ತು ಹೇಳಲಿ, ಕೂಲಿ ತಪ್ಪಿಸಿ ಯಾರೂ ಬರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಎರಡು ಸಲ ಹೇಳಿದೆ. ಮೊದಲ ಸಲ ಟೀ ಬಂತು, ಮಾತು ಅಲ್ಲಿಗೇ ನಿಂತಿತು. ಎರಡನೇ ಸಲ ಒಬ್ಬರು ಟೀಚರ್ ಆಮೇಲೆ ಅಂಗಡಿಗೆ ಬಂದು ಎಂಟನೇ ಕ್ಲಾಸಿನ ಹಾಜರಿ ಪಟ್ಟಿ ಕೊಟ್ಟು ಹೋದರು. ಮಕ್ಕಳು ತಂದ ಕಾಗದದ ಜೊತೆ ತಾಳೆ ನೋಡುತ್ತಿದ್ದೇವೆ. ಅರ್ಧ ಮುಗಿದಿದೆ, ತಪ್ಪಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೇನೆ. ಪಟ್ಟಿಯಲ್ಲಿ ಸುತ್ತೇ ಜಾಸ್ತಿ ಕಾಣುತ್ತಿದೆ.

ಮನೆಯಲ್ಲೂ ಒಂದು ಸುತ್ತು ಇದೆ. ನನ್ನ ಮಗಳು ಈಗ ಹತ್ತನೇ ಕ್ಲಾಸ್. ಬೋರ್ಡಿಗೆ ಕಳಿಸುವ ಮೊದಲು ಹೆಸರು ನೋಡಿ ಸಹಿ ಹಾಕಿ ಅಂತ ಶಾಲೆಯಿಂದ ಕಾಗದ ಬಂದಿದೆ. "ಅವ್ವ, ಮನೆ ಹೆಸರು ತೆಗೆದುಬಿಡೋಣ, ಇನಿಷಿಯಲ್ ಸಾಕು, ಎಲ್ಲೂ ತೊಂದರೆ ಇರಲ್ಲ" ಅಂದಳು. ಅವಳು ಹೇಳಿದ್ದು ಸರಿ. ಗಿರಾಕಿಗಳಿಗೆ ನಾನೇ ಹತ್ತು ಸಲ ಹಾಗೆ ಹೇಳಿದ್ದೇನೆ. ಅವಳ ಅಪ್ಪ ಕೇಳಿಸಿಕೊಂಡು ಏನೂ ಮಾತಾಡದೆ ಎದ್ದು ತೋಟದ ಕಡೆ ಹೋದರು. ಕಾಗದ ಮೂರು ದಿನದಿಂದ ಫ್ರಿಜ್ ಮೇಲೆ ಡಬ್ಬಿಯ ಕೆಳಗಿದೆ. ಸೋಮವಾರ ಕೊಡಬೇಕು.

ಕರೆಂಟ್ ಬಂತು. ಹೊರಗೆ ಇಬ್ಬರು ನಿಂತಿದ್ದಾರೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್.