ವಾರದ ಚಾರ್ಟ್ ಬಿಡಿ, ರಾತ್ರಿ ಒಂದು ಪಾವು ಕಾಳು ನೆನೆಹಾಕಿ

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ವರ್ಗವಾಗಿ ಹಾಸನಕ್ಕೆ ಬಂದು ಆರು ತಿಂಗಳಾಯಿತು. ಮನೆಯಲ್ಲಿ ಹತ್ತು ವರ್ಷದ ಮಗ, ಮೂರೂವರೆ ವರ್ಷದ ಮಗಳು, ಸಕ್ಕರೆ ಕಾಯಿಲೆ ಇರುವ ಅತ್ತೆ ಇದ್ದಾರೆ. ಪ್ರತಿ ಭಾನುವಾರ ವಾರದ ಊಟ-ತಿಂಡಿಯ ಚಾರ್ಟ್ ಬರೆಯುತ್ತೇನೆ, ಬುಧವಾರದ ಹೊತ್ತಿಗೆ ಅದು ಹಳ್ಳ ಹಿಡಿದಿರುತ್ತದೆ. ಸಂಜೆ ಮಕ್ಕಳಿಗೆ ಚಿಪ್ಸ್, ಪಫ್ಸ್ ಬಿಟ್ಟು ಬೇರೇನೂ ಬೇಡ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ:

ಮೇಡಂ, ನಿಮ್ಮದು ಬುಧವಾರದವರೆಗೆ ಬಂತಲ್ಲ, ನೀವೇ ವಾಸಿ. ನನ್ನ ಚಾರ್ಟು ಸೋಮವಾರ ರಾತ್ರಿಗೇ ಕಣ್ಣು ಮುಚ್ಚಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ನರ್ಸ್, ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಾತ್ರಿ ಪಾಳಿ. ಹಾಗಾಗಿ ಅಡುಗೆಮನೆ ಅರ್ಧಕ್ಕರ್ಧ ನನ್ನ ತಲೆಗೇ ಬಂತು. ಶುರುವಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಬಣ್ಣಬಣ್ಣದ ಚಾರ್ಟ್ ಅಂಟಿಸಿದೆ. ಸೋಮವಾರ ಓಟ್ಸ್, ಮಂಗಳವಾರ ಬ್ರೊಕೋಲಿ, ಬುಧವಾರ ಇನ್ನೇನೋ. ಓಟ್ಸ್ ಗಂಜಿ ನೋಡಿದ ನಮ್ಮಮ್ಮ, "ಲೋ, ಇದು ದನಕ್ಕೆ ಕಲಸೋ ಬೂಸಾ ಇದ್ದಂಗದಲ್ಲೋ" ಅಂದರು. ಮಕ್ಕಳಿಗೆ ಅಷ್ಟು ಸಾಕಾಯ್ತು, ಯಾರೂ ಮುಟ್ಟಲಿಲ್ಲ. ಆ ಪ್ಯಾಕೆಟ್ಟಿಗೆ ಆಮೇಲೆ ಹುಳ ಹತ್ತಿತು.

ಆಗ ಗೊತ್ತಾಗಿದ್ದು, ಚಾರ್ಟು ಹಾಳಾಗುವುದು ನಮ್ಮ ಸೋಮಾರಿತನದಿಂದಲ್ಲ. "ಗುರುವಾರ ರಾತ್ರಿ ಏನು ಅಡುಗೆ" ಎಂದು ಭಾನುವಾರವೇ ಬರೆದಿಟ್ಟರೂ, ಗುರುವಾರ ಸಂಜೆ ಆರೂವರೆಗೆ ಸುಸ್ತಾಗಿ ಬಂದಾಗ ಮನೆಯಲ್ಲಿ ಏನು ತಯಾರಿರುತ್ತದೋ ಅದೇ ಅಡುಗೆಯಾಗುವುದು. ಏನೂ ತಯಾರಿಲ್ಲದಿದ್ದರೆ ಅನ್ನ, ಆಲೂಗಡ್ಡೆ, ಹಪ್ಪಳ. ಅದಕ್ಕೇ ನಾನೀಗ ಒಂದೇ ಒಂದು ಕೆಲಸ ತಪ್ಪಿಸುವುದಿಲ್ಲ: ರಾತ್ರಿ ಪಾತ್ರೆ ತೊಳೆದ ಮೇಲೆ, ದೀಪ ಆರಿಸುವ ಮುಂಚೆ ಒಂದು ಪಾವು ಕಾಳು ನೆನೆಹಾಕುವುದು. ಹುರುಳಿ, ಹೆಸರು, ಅಲಸಂದೆ, ಕಡಲೆ, ಡಬ್ಬಿಗೆ ಕೈ ಹಾಕಿದಾಗ ಯಾವುದು ಸಿಗುತ್ತದೋ ಅದು. ಆ ಕಾಳೇ ನಾಳೆಯ ಅಡುಗೆಯನ್ನು ಎಳೆದುಕೊಂಡು ಹೋಗುತ್ತದೆ.

ಲೆಕ್ಕ ಬೇಕಾದರೆ ಹೇಳುತ್ತೇನೆ, ಮೇಷ್ಟ್ರಲ್ಲವೇ. ಒಂದು ಪಾವು ಅಂದರೆ ಕಾಲು ಕೆಜಿಗೆ ಸ್ವಲ್ಪ ಕಡಿಮೆ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್. ಐದು ಜನ ಹಂಚಿಕೊಂಡರೆ ತಲೆಗೆ ಒಂಬತ್ತು ಹತ್ತು ಗ್ರಾಂ ಬೀಳುತ್ತದೆ, ಒಂದು ಮೊಟ್ಟೆಗಿಂತ ಹೆಚ್ಚು. ರಾಗಿ, ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಇಟ್ಟಿಗೆ, ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಎಂಬ ಇನ್ನೊಂದು ಇಟ್ಟಿಗೆ ಧಾನ್ಯದಲ್ಲಿದೆ. ಮುದ್ದೆಗೆ ಕಾಳಿನ ಸಾರು ಜೋಡಿ ಮಾಡಿದವರು ಇದನ್ನು ಓದಿರಲಿಲ್ಲ, ಆದರೂ ಜೋಡಿ ಸರಿಯಾಗಿಯೇ ಕೂತಿದೆ. ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಕಾಳಿನಲ್ಲಿ ಕಡಿಮೆಯಾಗಿ ಕಬ್ಬಿಣದಂಶ ಮೈಗೆ ಹತ್ತುವುದೂ ಸಲೀಸು. ಹೆಸರುಕಾಳು ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೇ ದಿನಕ್ಕೆ ಮೊಳಕೆ ಒಡೆಯುತ್ತದೆ, ಹುರುಳಿಗೆ ಎರಡು ದಿನ ಬೇಕು. ಚಳಿಗಾಲದಲ್ಲಿ ಇನ್ನೂ ತಡ.

ಈಗ ಬಸ್ಸಾರಿನ ವಿಷಯ. ನೀವು ಹಾಸನಕ್ಕೆ ಬಂದು ಆರು ತಿಂಗಳಾದರೂ ಬಸ್ಸಾರು ಮಾಡಿಲ್ಲ ಎಂದರೆ ಮೊದಲು ಅದನ್ನು ಕಲಿಯಿರಿ. ಕೆಲಸಕ್ಕೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ನೆನೆದ ಅಲಸಂದೆಯೋ ಹೆಸರುಕಾಳೋ ಅರ್ಧ ಬೇಯುತ್ತಿದ್ದಂತೆ ಎರಡು ಕಟ್ಟು ಸೊಪ್ಪು ಹಾಕಿ. ದಂಟು, ಕೀರೆ, ಸಬ್ಬಸಿಗೆ, ಬೆರಕೆ ಸೊಪ್ಪು ಯಾವುದಾದರೂ ಸರಿ. ಬೆಂದ ಮೇಲೆ ನೀರು ಬಸಿದುಕೊಳ್ಳಿ, ಅದೇ ಕಟ್ಟು. ಬೆಂದಿದ್ದರಲ್ಲಿ ಒಂದು ಹಿಡಿ ತೆಗೆದು, ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ, ಹುಣಸೆಹಣ್ಣಿನ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದಿದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದು ಪಾತ್ರೆಯಲ್ಲಿ ಎರಡು ಅಡುಗೆ, ಬೇಯಿಸಿದ ನೀರೂ ಚರಂಡಿಗೆ ಹೋಗುವುದಿಲ್ಲ. ಮಾರನೆಯ ದಿನದ ಬಸ್ಸಾರು ಇನ್ನೂ ರುಚಿ, ನಮ್ಮ ಮನೆಯಲ್ಲಿ ಅದಕ್ಕೆ ಜಗಳವೇ ಆಗುತ್ತದೆ.

ತರಕಾರಿಗೂ ನನ್ನ ಹತ್ತಿರ ಪಟ್ಟಿ ಇಲ್ಲ. ಬೇಗ ಬಾಡುವುದು ಮೊದಲು, ಅಷ್ಟೇ. ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ದಿನ ಮತ್ತು ಮರುದಿನ ಸೊಪ್ಪು. ಆಮೇಲೆ ಹೀರೆ, ಬೀನ್ಸ್, ಬೆಂಡೆ. ಕೊನೆಗೆ ಕೋಸು, ಬೀಟ್‌ರೂಟ್, ಕುಂಬಳ. ವಾರದ ಕೊನೆಯಲ್ಲಿ ಫ್ರಿಜ್ಜಿನಲ್ಲಿ ಕೊಳೆತ ಸೊಪ್ಪು ಸಿಗುವುದು ನಿಂತಮೇಲೆ ತರಕಾರಿ ಖರ್ಚೂ ಇಳಿಯಿತು. ನವೆಂಬರಿನಿಂದ ಜನವರಿಯವರೆಗೆ ಮಾತ್ರ ಈ ನಿಯಮಕ್ಕೆ ರಜೆ, ಆಗ ಬರೀ ಸೊಗಡು ಅವರೆಕಾಯಿ. ಅವರೆಕಾಳಿನ ಉಪ್ಪಿಟ್ಟು, ಸಾರು, ಹಿದಕವರೆ, ರೊಟ್ಟಿ. ಟಿವಿ ಮುಂದೆ ಕೂತು ಇಡೀ ಮನೆ ಅವರೆಕಾಯಿ ಸುಲಿಯುವಾಗ ಮಕ್ಕಳು ಹಸಿಕಾಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಆಲೂಗಡ್ಡೆ ವಿಷಯದಲ್ಲಿ ಹಾಸನದವನಾಗಿ ಹೇಳಬಾರದ ಮಾತು ಹೇಳುತ್ತೇನೆ. ಅದನ್ನು ತರಕಾರಿ ಎಂದು ಎಣಿಸಬೇಡಿ. ಚಪಾತಿ, ಆಲೂಗಡ್ಡೆ ಪಲ್ಯ, ಆಮೇಲೆ ಅನ್ನ ಎಂದರೆ ತಟ್ಟೆಯಲ್ಲಿ ಮೂರೂ ಪಿಷ್ಟವೇ. ನಮ್ಮ ಜಿಲ್ಲೆಯ ಹೊಸ ಆಲೂಗಡ್ಡೆ ಮಾರುಕಟ್ಟೆಗೆ ಬರುವ ಆಗಸ್ಟ್, ಸೆಪ್ಟೆಂಬರಿನಲ್ಲಿ ನಾವೂ ಬಿಡುವುದಿಲ್ಲ, ಅದರ ಜೊತೆ ಅನ್ನ ಕಡಿಮೆ ಮಾಡಿಕೊಳ್ಳುತ್ತೇವೆ.

ನಾನು ಚನ್ನರಾಯಪಟ್ಟಣದ ಕಡೆಯ ಮುದ್ದೆಯವನು, ಹೆಂಡತಿ ಸಕಲೇಶಪುರದ ಕಡೆಯ ಕಡುಬಿನವಳು. ಜಿಲ್ಲೆ ಅರ್ಧ ಬಯಲುಸೀಮೆ, ಅರ್ಧ ಮಲೆನಾಡು. ನಮ್ಮ ಅಡುಗೆಮನೆಯೂ ಹಾಗೇ. ಬೆಳಗ್ಗೆ ಅವಳ ಪಾಲು: ಅಕ್ಕಿರೊಟ್ಟಿ, ಕಡುಬು, ಒತ್ತುಶ್ಯಾವಿಗೆ. ರಾತ್ರಿ ನನ್ನ ಪಾಲು. ಕಡುಬು ಹಬೆಯಲ್ಲಿ ಬೇಯುವುದರಿಂದ ಎಣ್ಣೆಯ ಗೊಡವೆಯೇ ಇಲ್ಲ. ಅಕ್ಕಿರೊಟ್ಟಿಗೆ ನುಗ್ಗೆಸೊಪ್ಪು, ಸಬ್ಬಸಿಗೆ, ತುರಿದ ಕ್ಯಾರೆಟ್ ಸೇರಿಸುತ್ತೇವೆ. ಭಾನುವಾರ ಕೋಳಿಸಾರು, ಅವತ್ತು ಯಾವ ಲೆಕ್ಕವೂ ಇಲ್ಲ.

ಇನ್ನು ಸಂಜೆಯ ತಿಂಡಿ. ನಿಜವಾದ ಯುದ್ಧ ಅಲ್ಲಿಯೇ ಇರುವುದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ಹಾಸನ ಜಿಲ್ಲೆಯಿಂದ ಹೋದವರದ್ದೇ, ಹಾಗಿರುವಾಗ ಬೇಕರಿ ಕೆಟ್ಟದ್ದು ಎಂದು ಇಲ್ಲಿ ಕೂತು ಹೇಳಲು ನನಗೂ ಬಾಯಿ ಬರುವುದಿಲ್ಲ. ನಾವು ನಿಲ್ಲಿಸಿಲ್ಲ, ಶನಿವಾರಕ್ಕೆ ಕಟ್ಟಿಹಾಕಿದ್ದೇವೆ. ಉಳಿದ ದಿನ ಮಾಡುವುದು ಇಷ್ಟೇ: ಮಕ್ಕಳು ಬ್ಯಾಗ್ ಎಸೆದು "ಏನಿದೆ" ಎಂದು ಕೇಳುವ ಮುಂಚೆ ಮೇಜಿನ ಮೇಲೆ ಏನಾದರೂ ಇರಬೇಕು. ಕೇಳಿದ ಮೇಲೆ ಹುಡುಕಲು ಹೊರಟರೆ ಚಿಪ್ಸ್ ಗೆಲ್ಲುತ್ತದೆ. ಬೆಳಗ್ಗೆ ನೆನೆದ ಕಾಳಿನಲ್ಲಿ ಒಂದು ಬಟ್ಟಲು ಪಕ್ಕಕ್ಕಿಟ್ಟು ಕುಕ್ಕರಿನಲ್ಲಿ ಬೇಯಿಸಿಟ್ಟರೆ ಸಂಜೆ ಅಮ್ಮ ಐದು ನಿಮಿಷಕ್ಕೆ ಒಗ್ಗರಣೆ ಹಾಕಿ ಉಸಲಿ ಮಾಡುತ್ತಾರೆ. ಸೀಬೆಹಣ್ಣಿಗೆ ಉಪ್ಪು ಖಾರ, ಬೇಯಿಸಿದ ಗೆಣಸು, ಮುಸುಕಿನ ಜೋಳ, ಕಡ್ಲೆಪುರಿಗೆ ಈರುಳ್ಳಿ ಟೊಮ್ಯಾಟೊ ಕಲಸಿ ಹುರಿಗಡಲೆ ಉದುರಿಸಿದ್ದು, ಹೀಗೆ ಸರದಿ ಮೇಲೆ ಬರುತ್ತದೆ. ನನ್ನ ಮಗನಿಗೆ ಎಲ್ಲಕ್ಕಿಂತ ಇಷ್ಟ ರಾಗಿ ಹುರಿಹಿಟ್ಟು. ಅರಳಿಸಿದ ರಾಗಿಯ ಹಿಟ್ಟಿಗೆ ಬಿಸಿ ಹಾಲು, ಬೆಲ್ಲ, ಒಂದು ಚಮಚ ತುಪ್ಪ, ಕಲಸಿದರೆ ಆಯ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಮಕ್ಕಳಿಗೆ ಇನ್ನೇನು ಬೇಕು. ಬೆಲ್ಲ ಮಾತ್ರ ನೋಡಿಕೊಂಡು ಹಾಕಿ, ಅದೂ ಸಕ್ಕರೆಯ ತಮ್ಮನೇ.

ನಿಮ್ಮ ಚಿಕ್ಕ ಮಗಳಿಗೆ ಕಡ್ಲೆಬೀಜ, ಇಡೀ ಕಡಲೆಕಾಳು ಕೊಡಬೇಡಿ. ಆ ವಯಸ್ಸಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಪುಡಿ ಮಾಡಿ ತಂಬಿಟ್ಟಿನಲ್ಲೋ ಚಟ್ನಿಪುಡಿಯಲ್ಲೋ ಸೇರಿಸಿ.

ಎಣ್ಣೆ, ಉಪ್ಪನ್ನು ಚಮಚದಲ್ಲಿ ಅಳೆಯಲು ಹೋಗಿ ನಾನು ಸೋತೆ. ಈಗ ಪ್ಯಾಕೆಟ್ ಎಣಿಸುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಎಣ್ಣೆ ಮಿತವಾಗಿರಲಿ, ಉಪ್ಪು ದಿನಕ್ಕೆ ತಲೆಗೆ 5 ಗ್ರಾಮಿನೊಳಗೆ ಎಂದಿದೆ. ಎಣ್ಣೆ ದಿನಕ್ಕೆ ತಲೆಗೆ 25 ಗ್ರಾಂ ಎಂದು ಹಿಡಿದರೆ ಐದು ಜನರ ಮನೆಗೆ ತಿಂಗಳಿಗೆ ಸುಮಾರು 4 ಲೀಟರ್ ಎಣ್ಣೆ, ಮುಕ್ಕಾಲು ಕೆಜಿ ಉಪ್ಪು. ನಾನು ಮೊದಲ ಸಲ ಎಣಿಸಿದಾಗ ನಮ್ಮಲ್ಲಿ ಆರು ಲೀಟರ್ ಖಾಲಿಯಾಗಿತ್ತು, ಬೇಕರಿಯದ್ದು ಬಿಟ್ಟು. ಪೂರಿ, ಬೋಂಡ ನಿಂತಿಲ್ಲ. ಪಲ್ಯಕ್ಕೆ ಬಾಟಲಿಯಿಂದ ನೇರ ಸುರಿಯುವುದು ನಿಂತಿತು, ಅಷ್ಟಕ್ಕೇ ಒಂದೂವರೆ ಲೀಟರ್ ಇಳಿಯಿತು. ಉಪ್ಪಿನ ವಿಷಯದಲ್ಲಿ ನಾನಿನ್ನೂ ಪಾಸಾಗಿಲ್ಲ, ಅಮ್ಮನ ಉಪ್ಪಿನಕಾಯಿ ಜಾಡಿ ಇರುವವರೆಗೆ ಆಗುವುದೂ ಇಲ್ಲ.

ನಿಮ್ಮ ಅತ್ತೆಗೆ ಬೇರೆ ಅಡುಗೆ ಮಾಡಬೇಡಿ. ನಮ್ಮಮ್ಮನಿಗೂ ಸಕ್ಕರೆ ಕಾಯಿಲೆ ಇದೆ. ಬೇರೆ ತಟ್ಟೆ ಇಟ್ಟಾಗ ಅವರು ಬೇಜಾರಾಗಿ, ಯಾರೂ ಇಲ್ಲದಾಗ ಬನ್ನು ತಿನ್ನುತ್ತಿದ್ದರು. ಈಗ ಎಲ್ಲರಿಗೂ ಒಂದೇ ಅಡುಗೆ, ಬಡಿಸುವ ಅಳತೆ ಮಾತ್ರ ಬೇರೆ. ಪಲ್ಯ, ಕೋಸಂಬರಿ ಮೊದಲು, ಮುದ್ದೆ ಚಿಕ್ಕದು, ಅನ್ನ ಒಂದು ಸೌಟು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. "ರಾಗಿ ತಿಂದರೆ ಶುಗರ್ ಏರಲ್ಲ" ಎಂದು ಇಡೀ ಊರೇ ನಂಬಿದೆ. ರಾಗಿಯಲ್ಲಿಯೂ ನೂರಕ್ಕೆ ಸುಮಾರು 70 ಭಾಗ ಶರ್ಕರಪಿಷ್ಟವೇ ಇರುವುದು. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಯನ್ನು ಬೆಳಗ್ಗೆ ದೊಡ್ಡ ಲೋಟದಲ್ಲಿ ಬರೀ ಹೊಟ್ಟೆಗೆ ಕುಡಿಸಿದರೆ ಸಕ್ಕರೆ ಸರಸರನೆ ಏರುತ್ತದೆ. ನಮ್ಮಲ್ಲಿ ಗ್ಲುಕೋಮೀಟರ್ ತಂದು ನೋಡಿದ ಮೇಲೆಯೇ ಅಮ್ಮ ಒಪ್ಪಿದ್ದು. ಊಟದ ಅಳತೆ ಗಣನೀಯವಾಗಿ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ. ಮಾತ್ರೆ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ತೀರಾ ಇಳಿಯಲೂಬಹುದು.

ಕಾಫಿ ನಾಡಿನಲ್ಲಿದ್ದುಕೊಂಡು ಇನ್ನೊಂದು ಅಪರಾಧದ ಮಾತು. ನನ್ನ ಹದಿಮೂರು ವರ್ಷದ ಮಗಳಿಗೆ ಕಳೆದ ವರ್ಷ ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು, ಆ ವಯಸ್ಸಿಗೆ 12 ಆದರೂ ಇರಬೇಕು. ಸೊಪ್ಪು, ಕಾಳು ಎಲ್ಲ ತಿನ್ನುವ ಹುಡುಗಿ. ವಿಚಾರಿಸಿದರೆ ಬೆಳಗ್ಗೆ ತಿಂಡಿ, ರಾತ್ರಿ ಊಟ ಎರಡರ ಬೆನ್ನಿಗೂ ಅಜ್ಜಿಯ ಜೊತೆ ಕಾಫಿ. ಕಾಫಿ, ಟೀಯಲ್ಲಿರುವ ಟ್ಯಾನಿನ್ ಕಬ್ಬಿಣದಂಶವನ್ನು ಹಿಡಿದುಕೊಂಡುಬಿಡುತ್ತದೆ, ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರ ಇರಬೇಕು. ಮುಖ್ಯವಾಗಿ ಕೆಲಸ ಮಾಡಿದ್ದು ಡಾಕ್ಟರ್ ಕೊಟ್ಟ ಮಾತ್ರೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಕಾಫಿಯನ್ನು ದೂರ ತಳ್ಳಿದೆವು, ಕೋಸಂಬರಿಗೆ, ಉಸಲಿಗೆ ನಿಂಬೆಹಣ್ಣು ಹಿಂಡುವುದನ್ನು ಕಡ್ಡಾಯ ಮಾಡಿದೆವು. ನಿಂಬೆಯ ವಿಟಮಿನ್ ಸಿ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ನಿಮ್ಮ ಮಗನ ಊಟದ ಡಬ್ಬಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚಿತ್ರಾನ್ನ ಹಾಕುವುದಾದರೆ ಒಂದು ಹಿಡಿ ಬೇಯಿಸಿದ ಕಾಳು ಸೇರಿಸಿ, ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ ಇಡಿ. ಡಬ್ಬಿ ಖಾಲಿ ಬಂತು ಎಂದು ಖುಷಿಪಡುವ ಮುಂಚೆ ಯಾರು ತಿಂದರು ಎಂದು ಕೇಳಿ. ನಮ್ಮವನ ಹುರುಳಿ ಉಸಲಿಯನ್ನು ಎರಡು ತಿಂಗಳು ಪಕ್ಕದ ಬೆಂಚಿನ ಹುಡುಗ ತಿಂದಿದ್ದ, ಬದಲಿಗೆ ನಮ್ಮವನು ಅವನ ಬಿಸ್ಕತ್ತು ತಿಂದಿದ್ದ. ಈಗ ಇಬ್ಬರಿಗೂ ಆಗುವಷ್ಟು ಉಸಲಿ ಕಳಿಸುತ್ತೇನೆ.