ಕ್ಯಾಸ್ಕೇಡ್ ಬದಲು ಸೆಂಟೆನಿಯಲ್ ಹಾಕಬಹುದೇ?

ಪ್ರಶ್ನೆ: ಮನೆಯಲ್ಲಿ ಪೇಲ್ ಏಲ್ ಬಿಯರ್ ತಯಾರಿಸುತ್ತಿದ್ದೇನೆ. 60 ನಿಮಿಷದ ಕುದಿತಕ್ಕೆ 28 ಗ್ರಾಂ ಕ್ಯಾಸ್ಕೇಡ್ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಬೇಕು, ಕೊನೆಯಲ್ಲಿ ಇನ್ನಷ್ಟು. ನನ್ನ ಬಳಿ ಇರುವುದು ಸೆಂಟೆನಿಯಲ್ ಎಂಬ ಬೇರೆ ತಳಿಯ ಹಾಪ್ಸ್ ಮಾತ್ರ. ಅಷ್ಟೇ ತೂಕ ಸಾಕೇ?

ಉತ್ತರ: ಧಾರಾಳವಾಗಿ ಬಳಸಿ, ಆದರೆ ಕುದಿತದ ಆರಂಭದಲ್ಲಿ ಅಷ್ಟೇ ತೂಕ ಬೇಡ. ಕಹಿ ಕೊಡುವುದು ಆಲ್ಫಾ ಆಮ್ಲ. ಕ್ಯಾಸ್ಕೇಡ್‌ನಲ್ಲಿ ಅದು ಸುಮಾರು ಶೇ 6, ಸೆಂಟೆನಿಯಲ್‌ನಲ್ಲಿ ಸುಮಾರು ಶೇ 10. ಪ್ರತಿ ಬೆಳೆಯಲ್ಲೂ ಇದು ಬದಲಾಗುವುದರಿಂದ ಪೊಟ್ಟಣದ ಮೇಲಿನ ಅಂಕಿಯನ್ನೇ ನಂಬಿ. 28ನ್ನು 6ರಿಂದ ಗುಣಿಸಿ 10ರಿಂದ ಭಾಗಿಸಿದರೆ ಸುಮಾರು 17 ಗ್ರಾಂ. ಅಷ್ಟೇ ಹಾಕಿ. 28 ಗ್ರಾಂ ಸುರಿದರೆ ಕಹಿಯು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಿಹಿಯನ್ನು ಪೂರ್ತಿ ನುಂಗಿಬಿಡುತ್ತದೆ. ನನಗಂತೂ ಅಂಥ ಪೇಲ್ ಏಲ್ ಸೇರುವುದಿಲ್ಲ.

ಕೊನೆಯ ಹಾಪ್ಸ್‌ಗೆ ಈ ಲೆಕ್ಕ ಬೇಡ. ಅಲ್ಲಿ ಕೆಲಸ ಮಾಡುವುದು ಪರಿಮಳದ ಎಣ್ಣೆ. ಹೆಚ್ಚು ಕುದಿಸಿದರೆ ಅದು ಆವಿಯಾಗುತ್ತದೆ. ಉರಿ ಆರಿಸಿದ ಮೇಲೆ ಅಷ್ಟೇ ತೂಕ, ಇಲ್ಲವೇ ತುಸು ಕಡಿಮೆ ಹಾಕಿ. ಕ್ಯಾಸ್ಕೇಡ್‌ನ ಚಕೋತದ ಘಮಕ್ಕೆ ಬದಲಾಗಿ ನಿಂಬೆ ಮತ್ತು ಹೂವಿನ ಕಂಪು ಮುಂದೆ ಬರುತ್ತದೆ. ನನಗೆ ಅದು ಬಹಳ ಇಷ್ಟ. ಇವೆರಡೂ ಹತ್ತಿರದ ಸ್ವಭಾವದವು, ಸೆಂಟೆನಿಯಲ್‌ಗೆ ‘ಸೂಪರ್ ಕ್ಯಾಸ್ಕೇಡ್’ ಎಂಬ ಅಡ್ಡಹೆಸರೇ ಇದೆ. ನಿಮ್ಮ ಬಳಿ ಸಾಟ್ಜ್ ತಳಿಯ ಹಾಪ್ಸ್ ಇದ್ದಿದ್ದರೆ ಬೇಡವೆನ್ನುತ್ತಿದ್ದೆ. ಅದರ ಸೌಮ್ಯ ಗಿಡಮೂಲಿಕೆಯ ವಾಸನೆ ಲಾಗರ್ ಎಂಬ ಬಗೆಯ ಬಿಯರ್‌ಗೆ ಒಪ್ಪುತ್ತದೆ.