ಹಾಸರ್ ಎಂದರೆ ಬರೀ ದಪ್ಪ ಹಗ್ಗವೇ?

ಸಮುದ್ರದ ಕಥೆಯೊಂದನ್ನು ಅನುವಾದಿಸುತ್ತಿದ್ದೀರಿ, ‘ಹಾಸರ್’ ಎಂಬ ಪದಕ್ಕೆ ನಿಘಂಟು ‘ದಪ್ಪ ಹಗ್ಗ’ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದೆ. ಅದೇ ಕಥೆಯಲ್ಲಿ ಕೇಬಲ್, ಮೂರಿಂಗ್ ಲೈನ್, ಟೋ ಲೈನ್ ಕೂಡ ಬರುತ್ತವೆ. ಇವೆಲ್ಲ ಒಂದೆಯೇ, ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದ್ದೀರಿ.

ನಾನು ತಿಪಟೂರು ತಾಲ್ಲೂಕಿನವನು. ನಮ್ಮೂರಿಗೂ ಕಡಲಿಗೂ ನಡುವೆ ಇಡೀ ಘಟ್ಟವೇ ಅಡ್ಡ ನಿಂತಿದೆ. ಆದರೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರಕು ಹಡಗುಗಳ ಡೆಕ್ಕಿನ ಮೇಲೆ ಹಗ್ಗ ಎಳೆದೇ ಅನ್ನ ತಿಂದವನು. ಈಗ ತೆಂಗಿನ ತೋಟದಲ್ಲಿದ್ದೇನೆ. ಇಲ್ಲೂ ಹಗ್ಗ ಬಿಟ್ಟಿಲ್ಲ.

ಹಡಗನ್ನು ದಕ್ಕೆಗೆ ಕಟ್ಟುವುದಕ್ಕೆ, ಇಲ್ಲವೇ ಒಂದು ಹಡಗು ಇನ್ನೊಂದನ್ನು ಎಳೆಯುವುದಕ್ಕೆ ಬಳಸುವ ಹೆಬ್ಬಗ್ಗವೇ ಹಾಸರ್. ದಪ್ಪ ಎಂಬುದು ಅದರ ಲಕ್ಷಣ, ಅರ್ಥವಲ್ಲ; ಹೆಸರು ಬಂದಿರುವುದು ಕೆಲಸದಿಂದ. ನಮ್ಮ ಕೊಟ್ಟಿಗೆಯನ್ನೇ ನೋಡಿ. ಕರುವಿನ ಕೊರಳಿಗೆ ಹಾಕಿದರೆ ಕಣ್ಣಿ, ಎತ್ತಿನ ಮೂಗಿನಲ್ಲಿ ತೂರಿಸಿದರೆ ಮೂಗುದಾರ, ದನಗಳನ್ನು ಸಾಲಾಗಿ ಕಟ್ಟಲು ಉದ್ದಕ್ಕೆ ಎಳೆದರೆ ದಾವಣಿ, ಕಪಿಲೆ ಬಾವಿಯಿಂದ ನೀರೆತ್ತಿದರೆ ಮಿಣಿ. ಎಲ್ಲವನ್ನೂ ‘ಹಗ್ಗ’ ಎಂದರೆ ತಪ್ಪಿಲ್ಲ, ಆದರೆ ‘ದಾವಣಿ ತಾ’ ಎಂದಾಗ ಮೂಗುದಾರ ತಂದವನನ್ನು ಮನೆಯಲ್ಲಿ ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತು. ಹಡಗಿನಲ್ಲೂ ಹಾಗೆಯೇ. ಉಗ್ರಾಣದಲ್ಲಿ ಸುರುಳಿಯಾಗಿ ಬಿದ್ದಿರುವವರೆಗೆ ಅದು ರೋಪ್. ಕೆಲಸಕ್ಕೆ ಹಚ್ಚಿದ ಕೂಡಲೇ ಲೈನ್.

ಹಾಗಾಗಿ ಮೂರಿಂಗ್ ಲೈನ್ ಎಂದರೆ ಕಟ್ಟುವ ಹಾಸರ್, ಟೋ ಲೈನ್ ಎಂದರೆ ಎಳೆಯುವ ಹಾಸರ್. ಸರಕು ಹಡಗುಗಳಲ್ಲಿ ಇಂದು ‘ಹಾಸರ್’ ಎಂಬ ಮಾತು ಕಿವಿಗೆ ಬೀಳುವುದೇ ಕಡಿಮೆ. ಮುಂಭಾಗದಿಂದ ಹೋದರೆ ಹೆಡ್ ಲೈನ್, ಅಡ್ಡಲಾಗಿ ಹೋದರೆ ಬ್ರೆಸ್ಟ್ ಲೈನ್, ಹಡಗು ಹಿಂದೆ ಮುಂದೆ ಜಾರದಂತೆ ಓರೆಯಾಗಿ ಹಿಡಿದರೆ ಸ್ಪ್ರಿಂಗ್ ಎಂದು ನೇರವಾಗಿ ಕೂಗುತ್ತಾರೆ. ಹಾಸರ್ ಎಂಬ ಹೆಸರು ಗಟ್ಟಿಯಾಗಿ ಉಳಿದಿರುವ ಒಂದು ಜಾಗವೆಂದರೆ, ಬಂದರಿನೊಳಕ್ಕೆ ಬರಲಾಗದ ಭಾರಿ ತೈಲ ಹಡಗುಗಳನ್ನು ನಡುಗಡಲಿನ ತೇಲುಬುರುಡೆಗೆ ಕಟ್ಟುವ ಹಗ್ಗ.

ಕೇಬಲ್ ಮಾತ್ರ ಬೇರೆ ಮನೆತನ. ಕಬ್ಬಿಣದ ಸರಪಳಿ ಬರುವ ಮೊದಲು ಲಂಗರಿಗೆ ಕಟ್ಟುತ್ತಿದ್ದ, ಹಡಗಿನಲ್ಲೇ ಅತ್ಯಂತ ದಪ್ಪನೆಯ ಹಗ್ಗ ಅದು. ಹಗ್ಗ ಹೋಗಿ ಸರಪಳಿ ಬಂದರೂ ಹೆಸರು ಹೋಗಲಿಲ್ಲ: ಲಂಗರಿನ ಸರಪಳಿಯನ್ನು ಇವತ್ತಿಗೂ ಕೇಬಲ್ ಎನ್ನುತ್ತಾರೆ. ನಿಮ್ಮ ಕಥೆಯಲ್ಲಿ ‘ಒಂದು ಕೇಬಲ್ ದೂರ’ ಎಂದು ಬಂದರೆ ಅದು ಹಗ್ಗವೇ ಅಲ್ಲ, ಅಳತೆ. 1,852 ಮೀಟರಿನ ನಾವಿಕ ಮೈಲಿಯ ಹತ್ತನೇ ಒಂದು ಭಾಗ, ಸುಮಾರು 185 ಮೀಟರ್.

ಹುರಿಯಲ್ಲೂ ವ್ಯತ್ಯಾಸವಿದೆ. ಚಿಕ್ಕಂದಿನಲ್ಲಿ ನಮ್ಮ ಜಗಲಿಯ ಮೇಲೆ ನಾರು ಹೊಸೆಯುವಾಗ ನನ್ನ ಎಳೆ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ‘ಎಳೆಯನ್ನು ಒಂದು ಕಡೆಗೆ ತಿರುಪು, ಎಳೆಗಳನ್ನು ಸೇರಿಸುವಾಗ ಎದುರು ಕಡೆಗೆ ತಿರುಪು’ ಎಂದು ಅಪ್ಪ ತೋರಿಸಿದರು. ಎರಡೂ ಬಿಚ್ಚಿಕೊಳ್ಳಲು ಹೋಗಿ ಒಂದನ್ನೊಂದು ಬಿಗಿಹಿಡಿಯುತ್ತವೆ. ಹಡಗಿನ ಹಗ್ಗದ ಗುಟ್ಟೂ ಇಷ್ಟೇ. ಮೂರು ಎಳೆಗಳನ್ನು ಬಲಕ್ಕೆ ಹುರಿ ಹಾಕಿದರೆ ಅದು ಹಾಸರ್ ಹುರಿ. ಅಂಥ ಮೂರು ಹಗ್ಗಗಳನ್ನು ಮತ್ತೆ ಎಡಕ್ಕೆ ಹುರಿ ಹಾಕಿದರೆ ಕೇಬಲ್ ಹುರಿ. ಒಟ್ಟು ಒಂಬತ್ತು ಎಳೆ. ಹಳೆಯ ಪುಸ್ತಕಗಳಲ್ಲಿ ‘ಹಾಸರ್ ಲೇಡ್’ ಎಂದು ಕಂಡರೆ ಅದು ಹುರಿಯ ಬಗೆ. ತೆಳ್ಳನೆಯ ಹಗ್ಗಕ್ಕೂ ಆ ಮಾತು ಸಲ್ಲುತ್ತದೆ. ಅನುವಾದಕರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ತೆಂಗಿನ ಸೀಮೆಯವನಾಗಿ ಇನ್ನೊಂದು ಹೆಸರನ್ನು ಹೇಳದೆ ಬಿಡಲಾರೆ. ಬ್ರಿಟಿಷ್ ನಾವಿಕರು ತೆಂಗಿನ ನಾರಿನ ಹಾಸರಿಗೆ ‘ಗ್ರಾಸ್ ಲೈನ್’ ಎನ್ನುತ್ತಿದ್ದರು. ಹುಲ್ಲಂತೆ, ನಮ್ಮ ನಾರು! ಸೆಣಬಿನಷ್ಟು ಬಲವಿಲ್ಲ, ನಿಜ. ಆದರೆ ನೀರಿನಲ್ಲಿ ತೇಲುತ್ತದೆ, ಜಗ್ಗಿದರೆ ಹಿಗ್ಗುತ್ತದೆ. ಹಡಗು ಎಳೆಯುವಾಗ ಅಲೆಯ ಹೊಡೆತವನ್ನು ನುಂಗಿಕೊಳ್ಳುವುದು ಈ ಹಿಗ್ಗುವ ಗುಣವೇ. ನಿಮ್ಮ ಕಥೆ ಹಳೆಯ ಕಾಲದ್ದಾಗಿದ್ದು ‘ಗ್ರಾಸ್’ ಎಂದು ಬಂದರೆ ದಯವಿಟ್ಟು ಹುಲ್ಲು ಎಂದು ಬರೆಯಬೇಡಿ.

ಹಿಗ್ಗುವ ಗುಣಕ್ಕೆ ಇನ್ನೊಂದು ಮುಖವೂ ಇದೆ. ನೈಲಾನ್ ಹಾಸರ್ ತುಂಬಾ ಹಿಗ್ಗುತ್ತದೆ. ಹರಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಒಂದು ಬಂದರಿನಲ್ಲಿ ನನ್ನ ಕಣ್ಣೆದುರೇ ಹಾಗೆ ಹರಿದ ತುದಿ ಕಬ್ಬಿಣದ ಕಟಾಂಜನವನ್ನು ಬಗ್ಗಿಸಿತು. ಕ್ಷಣದ ಹಿಂದೆ ಅಲ್ಲಿ ನಿಂತಿದ್ದವನು ಚಹಾ ತರಲು ಹೋಗಿದ್ದ. ಕಥೆಯಲ್ಲಿ ‘ಹಾಸರ್ ಹರಿಯಿತು’ ಎಂಬ ವಾಕ್ಯವಿದ್ದರೆ ಅದನ್ನು ಸಪ್ಪೆಯಾಗಿ ಬರೆಯಬೇಡಿ.

ಪದದ ಮೂಲದ ಬಗ್ಗೆ ಒಂದು ಮಾತು. ಹಗ್ಗ ಹಾಯುವ ಕಂಡಿಗೆ ‘ಹಾಸ್ ಹೋಲ್’ ಎನ್ನುವುದರಿಂದ ಹಾಸರ್ ಅದರಿಂದಲೇ ಬಂತೆಂದು ನಾನೂ ನಂಬಿದ್ದೆ. ಅಲ್ಲ. ಹಾಸರ್ ಬಂದಿರುವುದು ‘ಮೇಲಕ್ಕೆತ್ತು’ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ. ‘ಹಾಸ್’ ಬಂದಿರುವುದು ‘ಕೊರಳು’ ಎಂಬ ಅರ್ಥದ ಹಳೆಯ ನಾರ್ಸ್ ಮಾತಿನಿಂದ.

ಇನ್ನು ಕನ್ನಡ. ನನ್ನನ್ನು ಕೇಳಿದರೆ ಮಿಣಿ. ಭಾರ ಎಳೆಯುವ ಹಗ್ಗಕ್ಕೆ ನಮ್ಮ ಕಡೆ ಬಾಯಿಗೆ ಬರುವ ಮಾತು ಅದೇ. ಹಳಗನ್ನಡದ ‘ನೇಣು’ ಕೂಡ ಹಗ್ಗವೇ ಆಗಿತ್ತು, ಆದರೆ ಈಗ ಅದನ್ನು ಹಡಗಿಗೆ ಕಟ್ಟಿದರೆ ಓದುಗರು ಬೆಚ್ಚಿಬೀಳುತ್ತಾರೆ. ಮೊದಲ ಸಲ ‘ಹಾಸರ್ ಎಂಬ ಹೆಮ್ಮಿಣಿ’ ಎಂದು ಬರೆದು, ಆಮೇಲೆ ಕಟ್ಟುವಲ್ಲಿ ‘ಕಟ್ಟುಮಿಣಿ’, ಎಳೆಯುವಲ್ಲಿ ‘ಎಳೆಮಿಣಿ’ ಎನ್ನಿ. ಕೇಬಲ್ಲಿಗೆ, ಕಥೆ ಯಾವ ಕಾಲದ್ದೆಂದು ನೋಡಿಕೊಂಡು, ‘ಲಂಗರಿನ ಹಗ್ಗ’ ಅಥವಾ ‘ಲಂಗರಿನ ಸರಪಳಿ’.